ಅಗ್ನಿಶಿಖೆ: ಹೂವು ಪೂಜೆಗೆ, ಗೆಡ್ಡೆಯಲ್ಲಿ ಘೋರ ವಿಷ

ಮಳೆಗಾಲದಲ್ಲಿ ಬೇಲಿ, ಪೊದೆಗಳ ಮೇಲೆ ಬೆಂಕಿಯ ನಾಲಗೆಗಳಂತೆ ಅರಳುವ ಕಾಡುಹೂವು ಅಗ್ನಿಶಿಖೆ. ಗೌರಿ ಹಬ್ಬದ ಹೊತ್ತಿಗೆ ಅರಳಿ ಪೂಜೆಗೆ ಸಲ್ಲುವುದರಿಂದ ಮಲೆನಾಡಿನಲ್ಲಿ ಇದಕ್ಕೆ ‘ಗೌರಿ ಹೂವು’ ಎಂಬ ಹೆಸರೂ ಉಂಟು. ಸಸ್ಯಶಾಸ್ತ್ರದಲ್ಲಿ ಇದು ಗ್ಲೋರಿಯೋಸಾ ಸುಪರ್ಬಾ. ನೆರೆಯ ತಮಿಳುನಾಡಿನ ರಾಜ್ಯಪುಷ್ಪವೂ ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಇದೇ.

ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿದು ಬಳ್ಳಿ ಮೇಲೇರುತ್ತದೆ. ಹಿಂದಕ್ಕೆ ಬಾಗಿದ ಆರು ದಳಗಳು ಮೊದಲು ಹಳದಿಯಾಗಿದ್ದು ಕ್ರಮೇಣ ಕಡುಗೆಂಪಿಗೆ ತಿರುಗುತ್ತವೆ. ನೆಲದೊಳಗಿನ ಗೆಡ್ಡೆ ನೇಗಿಲಿನ ಆಕಾರದ್ದು. ಸಂಸ್ಕೃತದ ‘ಲಾಂಗಲಿ’ ಎಂಬ ಹೆಸರು ಬಂದಿರುವುದು ಇದರಿಂದಲೇ.

ಆಯುರ್ವೇದವು ಲಾಂಗಲಿಯನ್ನು ಉಪವಿಷಗಳ ಸಾಲಿಗೆ ಸೇರಿಸಿದೆ. ಗೆಡ್ಡೆಯನ್ನು ಗೋಮೂತ್ರದಲ್ಲಿ ಶುದ್ಧಿಗೊಳಿಸಿದ ನಂತರವೇ ಔಷಧಕ್ಕೆ ಬಳಸಬೇಕೆಂಬುದು ನಿಯಮ. ಊತ, ಹುಣ್ಣು, ಚರ್ಮರೋಗಗಳಿಗೆ ಲೇಪವಾಗಿ ಬಳಸುವುದುಂಟು. ಹೆರಿಗೆ ಸುಗಮವಾಗಲೆಂದು ಗೆಡ್ಡೆಯನ್ನು ಅರೆದು ಹೊಕ್ಕುಳು, ಅಂಗಾಲುಗಳಿಗೆ ಹಚ್ಚುವ ರೂಢಿಯೂ ಇತ್ತು. ಗರ್ಭಪಾತಕ್ಕೆ ಕಾರಣವಾಗುವ ಇದು ಗರ್ಭಿಣಿಯರಿಗೆ ನಿಷಿದ್ಧ.

ಗುಣಕ್ಕೂ ವಿಷಕ್ಕೂ ಮೂಲ ಒಂದೇ: ಕಾಲ್ಚಿಸಿನ್ ಎಂಬ ಸಸ್ಯಕ್ಷಾರ. ಇದು ಜೀವಕೋಶಗಳ ವಿಭಜನೆಯನ್ನು ತಡೆಯುತ್ತದೆ. ಅಲ್ಪ ಪ್ರಮಾಣದಲ್ಲಿ ಉರಿಯೂತವನ್ನು ಶಮನಗೊಳಿಸುವುದರಿಂದ ಗೌಟ್ ಎಂಬ ಸಂಧಿವಾತಕ್ಕೆ ವೈದ್ಯರು ಇದನ್ನು ನೀಡುತ್ತಾರೆ. ಹೃದ್ರೋಗಿಗಳಲ್ಲಿ ಹೃದಯಾಘಾತದ ಅಪಾಯ ತಗ್ಗಿಸಲು ದಿನಕ್ಕೆ 0.5 ಮಿಲಿಗ್ರಾಂ ಮಾತ್ರೆಗೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ನೀಡಿತು. ತಮಿಳುನಾಡಿನ ರೈತರು ಔಷಧ ತಯಾರಿಕೆಗಾಗಿ ಇದರ ಬೀಜವನ್ನು ಬೆಳೆದು ಮಾರುತ್ತಾರೆ.

ಮಾತ್ರೆಯಲ್ಲಿ ಅಳತೆ ನಿಖರ. ಗೆಡ್ಡೆಯಲ್ಲಿ ಅದು ಸಾಧ್ಯವಿಲ್ಲ. ಬಳ್ಳಿಯ ಎಲ್ಲ ಭಾಗಗಳಲ್ಲೂ ವಿಷವಿದ್ದು, ಗೆಡ್ಡೆ ಮತ್ತು ಬೀಜಗಳಲ್ಲಿ ಅಧಿಕ. ಗೆಣಸೆಂದು ತಪ್ಪು ತಿಳಿದು ತಿಂದವರು ಪ್ರಾಣ ಕಳೆದುಕೊಂಡದ್ದಿದೆ. ತಿಂದ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ, ಭೇದಿ, ಹೊಟ್ಟೆನೋವು ಆರಂಭವಾಗುತ್ತವೆ. ಅನಂತರದ ದಿನಗಳಲ್ಲಿ ಅಸ್ಥಿಮಜ್ಜೆ ಕುಗ್ಗಿ ಸೋಂಕು, ರಕ್ತಸ್ರಾವಗಳ ಭೀತಿ ಎದುರಾಗುತ್ತದೆ. ಮೂತ್ರಪಿಂಡ, ಹೃದಯಗಳು ಸೋಲಬಹುದು. ಬದುಕಿ ಉಳಿದವರಲ್ಲಿ ಒಂದೆರಡು ವಾರಗಳ ಬಳಿಕ ತಲೆಗೂದಲು ಉದುರುವುದುಂಟು.

ಈ ವಿಷಕ್ಕೆ ಸಾಮಾನ್ಯ ಬಳಕೆಯಲ್ಲಿರುವ ನಿರ್ದಿಷ್ಟ ಪ್ರತ್ಯೌಷಧವಿಲ್ಲ. ಆದ್ದರಿಂದ ಗೆಡ್ಡೆ ಅಥವಾ ಬೀಜ ಹೊಟ್ಟೆಗೆ ಹೋದ ಶಂಕೆಯಿದ್ದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಬಳ್ಳಿಯ ತುಣುಕೊಂದನ್ನು ಜೊತೆಗೆ ಒಯ್ದರೆ ಗುರುತಿಸುವುದು ಸುಲಭ. ಹೂವಿನ ಚೆಲುವಿಗೆ ಮನಸೋತು ಕೈತೋಟದಲ್ಲಿ ಬೆಳೆಸುವವರು ಅದನ್ನು ಮಕ್ಕಳು ಮತ್ತು ಸಾಕುಪ್ರಾಣಿಗಳಿಂದ ದೂರವಿಡಬೇಕು. ಮನೆಮದ್ದಿನ ಪಟ್ಟಿಯಲ್ಲಿ ಈ ಗೆಡ್ಡೆಗೆ ಸ್ಥಾನವಿಲ್ಲ.