ತಲೆ ಯಾರದು, ದಂಡ ಯಾರಿಗೆ?

ಕನ್ನಡ ಪತ್ರಿಕೆಗಳಲ್ಲಿ ಶೀರ್ಷಿಕೆ ಬರೆಯುವವರಿಗೆ ‘ತಲೆದಂಡ’ದಷ್ಟು ಒದಗಿಬರುವ ಪದ ಕಡಿಮೆ. ಸಚಿವರು ರಾಜೀನಾಮೆ ಕೊಟ್ಟರೂ ತಲೆದಂಡ, ಠಾಣೆಯ ಇನ್‌ಸ್ಪೆಕ್ಟರ್ ಅಮಾನತಾದರೂ ತಲೆದಂಡ, ತಾಲ್ಲೂಕು ಕಚೇರಿಯ ಅಧಿಕಾರಿ ಎತ್ತಂಗಡಿಯಾದರೂ ತಲೆದಂಡ. ನಾಲ್ಕೇ ಅಕ್ಷರ; ಒಂದೇ ಕಾಲಂನಲ್ಲಿ ಹಿಡಿಸುತ್ತದೆ, ಓದುವವರ ಕಣ್ಣಿಗೆ ತುಸು ರಕ್ತವನ್ನೂ ತೋರಿಸುತ್ತದೆ. ಈ ಪದ ಈಗ ಕ್ರೀಡಾ ಪುಟದಲ್ಲೂ ಮನೆ ಮಾಡಿದೆ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಸೋತ ರಾತ್ರಿಗಳಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣದಿಂದ ಕೆಂಗೇರಿ ಕಡೆಗೆ ಹೊರಡುವ ಮೆಟ್ರೊದಲ್ಲಿ ನೀಲಿ ಜೆರ್ಸಿಯವರ ಮಾತು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಅಲ್ಲಿಗೇ ಬರುತ್ತದೆ: ಕೋಚ್ ಹೋಗಬೇಕೋ, ಇರಬೇಕೋ? ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡು ಹೋದ ಮೇಲೂ, ಬಸವೇಶ್ವರನಗರದವರು ಹೊಸಹಳ್ಳಿಯಲ್ಲೋ ವಿಜಯನಗರದಲ್ಲೋ ಇಳಿದ ಮೇಲೂ ವಾದ ಮುಗಿಯುವುದಿಲ್ಲ. ‘ಎತ್ತಾಕ್ಬೇಕು ಗುರು’ ಎನ್ನುವುದು ಒಂದು ಪಕ್ಷ, ‘ಟೈಮ್ ಕೊಡ್ಬೇಕು ಮಗಾ’ ಎನ್ನುವುದು ಇನ್ನೊಂದು. ಎರಡೂ ಪಕ್ಷಗಳು ಕೇಳದೆಯೇ ಒಪ್ಪಿಕೊಂಡಿರುವುದು ಒಂದಿದೆ: ಚರ್ಚೆ ತಲೆಯ ಬಗ್ಗೆ. ನನಗೆ ತಕರಾರು ಇರುವುದು ಅಲ್ಲೇ. ತಲೆದಂಡ ಎಂಬ ಪದ ತೀರ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತದೆ. ಅದನ್ನು ಬಾಯಿಗೆ ತಂದುಕೊಂಡವರು, ತಂಡ ಏಕೆ ಸೋಲುತ್ತಿದೆ ಎಂದು ಕೇಳುವ ಬದಲು ಬೆಲೆ ತೆರಬೇಕಾದವರು ಯಾರು ಎಂದು ಕೇಳತೊಡಗುತ್ತಾರೆ.

ತಲೆ ನಮ್ಮದೇ ಪದ. ದಂಡ ಸಂಸ್ಕೃತದಿಂದ ಬಂದು ಕನ್ನಡದಲ್ಲಿ ಬೇರೆ ಬೇರೆ ಮನೆ ಕಟ್ಟಿಕೊಂಡಿರುವ ಪದ. ಕೋಲು ದಂಡ, ಶಿಕ್ಷೆ ದಂಡ, ಟ್ರಾಫಿಕ್ ಪೊಲೀಸರು ಹಾಕುವ ಜುಲ್ಮಾನೆ ದಂಡ, ಕೊನೆಗೆ ಏನೂ ಗಿಟ್ಟದೆ ಹೋದ ಖರ್ಚೂ ದಂಡ. ಸೈನ್ಯಕ್ಕೆ ದಂಡು ಎಂದರು, ಅದನ್ನು ನಡೆಸುವವನನ್ನು ದಂಡನಾಯಕ ಎಂದರು. ಬೆಂಗಳೂರಿನ ಕಂಟೋನ್ಮೆಂಟ್ ಇವತ್ತಿಗೂ ‘ದಂಡು’. ಈ ಊರಿನ ಫುಟ್‌ಬಾಲ್ ಬೆಳೆದದ್ದೂ ಹೆಚ್ಚಾಗಿ ಆ ದಂಡಿನ ಆಸುಪಾಸಿನ ಗೌತಮಪುರ, ಆಸ್ಟಿನ್ ಟೌನ್, ಹಲಸೂರುಗಳಲ್ಲಿ. ಪಶ್ಚಿಮದ ಬಡಾವಣೆಗಳ ಮೈದಾನಗಳನ್ನು ಬಹುಕಾಲ ಆಳಿದ್ದು ಕ್ರಿಕೆಟ್, ಕಬಡ್ಡಿ, ಖೊಖೊ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದ ಮೇಲೆ ಇಲ್ಲಿನ ಹೊಸ ತಲೆಮಾರು ಫುಟ್‌ಬಾಲ್‌ಗೆ ದೊಡ್ಡ ಸಂಖ್ಯೆಯಲ್ಲಿ ಹೊರಳಿತು. ಆಟ ತಡವಾಗಿ ಬಂದದ್ದರಿಂದ ಅದರ ಬಗ್ಗೆ ಕನ್ನಡದಲ್ಲಿ ಜಗಳವಾಡುವ ನುಡಿಗಟ್ಟು ಆಟದೊಳಗೆ ಬೆಳೆದಿರಲಿಲ್ಲ. ರಾಜಕೀಯದ ಪುಟದಲ್ಲಿ ಸಿದ್ಧವಾಗಿದ್ದದ್ದನ್ನೇ ಕಡ ತಂದೆವು. ವಿಧಾನಸೌಧದ ನುಡಿ ಕಂಠೀರವಕ್ಕೆ ಬರಲು ಬಹಳ ದೂರ ನಡೆಯಬೇಕಾಗಿರಲಿಲ್ಲ ಅನ್ನಿ.

ಈ ಪದಕ್ಕೆ ಹಿಂದೆ ಇದ್ದ ತೂಕವೇ ಬೇರೆ. ಗಿರೀಶ ಕಾರ್ನಾಡರು ಕಲ್ಯಾಣದ ಶರಣರನ್ನು ಕುರಿತು 1990ರಲ್ಲಿ ಹೊರತಂದ ನಾಟಕಕ್ಕೆ ‘ತಲೆದಂಡ’ ಎಂದು ಹೆಸರಿಟ್ಟರು. 1994ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿ ಯಾರದೋ ಒಂದು ತಲೆ ಉರುಳಿ ವ್ಯವಹಾರ ಚುಕ್ತಾ ಆಗುವುದಿಲ್ಲ. ಅರಸನೂ ಉಳಿಯುವುದಿಲ್ಲ, ಶರಣರ ಕಲ್ಯಾಣವೂ ಉಳಿಯುವುದಿಲ್ಲ. ಅದಕ್ಕೂ ಹಿಂದಿನ ಕರ್ನಾಟಕದ ಸ್ಮಾರಕಶಿಲೆಗಳಲ್ಲಿ ‘ಸಿಡಿತಲೆ’ ಕೊಟ್ಟವರಿದ್ದಾರೆ. ಬಗ್ಗಿಸಿದ ಗಳುವಿಗೆ ಜುಟ್ಟು ಕಟ್ಟಿಕೊಂಡು, ಒಡೆಯನಿಗಾಗಿಯೋ ಹರಕೆಗಾಗಿಯೋ ತಾವಾಗಿ ಕತ್ತು ಒಡ್ಡಿದವರು. ಕೊಟ್ಟ ತಲೆ ಬೇರೆ, ತೆಗೆದುಕೊಂಡ ತಲೆ ಬೇರೆ ಎಂಬುದು ಹಳಬರಿಗೆ ಸ್ಪಷ್ಟವಾಗಿತ್ತು. ಫುಟ್‌ಬಾಲ್ ಕ್ಲಬ್‌ಗಳ ಪ್ರಕಟಣೆಗಳು ‘ಪರಸ್ಪರ ಒಪ್ಪಿಗೆಯ ಮೇರೆಗೆ’ ಎಂಬ ಎರಡೂವರೆ ಪದದಲ್ಲಿ ಅಳಿಸಿಹಾಕುವುದು ಇದೇ ಗೆರೆಯನ್ನು.

ತೆಗೆದುಕೊಂಡ ತಲೆ ವಿಚಾರಣೆಗೆ ಕಾಯುವುದಿಲ್ಲ ಎನ್ನುವುದಕ್ಕೆ ಕಬ್ಬನ್ ಪಾರ್ಕಿನ ಇನ್ನೊಂದು ಅಂಚಿನಲ್ಲೇ ಸಾಕ್ಷಿಯಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಮರುದಿನವೇ ಸರ್ಕಾರ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹ ಅವರ ಏಕಸದಸ್ಯ ಆಯೋಗವನ್ನು ಘೋಷಿಸಿತು. ಅದೇ ದಿನ ನಗರ ಪೊಲೀಸ್ ಕಮಿಷನರ್ ಬಿ. ದಯಾನಂದ ಮತ್ತು ಇತರ ಅಧಿಕಾರಿಗಳನ್ನು ಅಮಾನತು ಮಾಡಿತು. ವಿಚಾರಣೆ ಮೊದಲ ಹೆಜ್ಜೆ ಇಡುವಷ್ಟರಲ್ಲಿ ದಂಡನೆ ಮುಗಿದಿತ್ತು. ಆಮೇಲೆ ಆ ಅಮಾನತುಗಳು ವಾಪಸ್ಸೂ ಆದವು. ಸತ್ತವರ ಮನೆಯ ದುಃಖಕ್ಕೂ ಪಂದ್ಯ ಸೋತ ಬೇಸರಕ್ಕೂ ಹೋಲಿಕೆಯೇ ಇಲ್ಲ. ಎರಡೂ ಕಡೆ ಒಂದೇ ಪದ ಸಲೀಸಾಗಿ ಕೂರುತ್ತದೆ ಎನ್ನುವುದೇ ಅದರ ಬಗ್ಗೆ ಅನುಮಾನಪಡಲು ಸಾಕು. ವ್ಯಾಕರಣವನ್ನೂ ನೋಡಿ. ‘ಸೋಲಿಗೆ ಕೋಚ್ ತಲೆದಂಡ’ ಎಂಬ ಬಗೆಯ ಶೀರ್ಷಿಕೆಯಲ್ಲಿ ಕ್ರಿಯಾಪದವಿಲ್ಲ, ಕರ್ತೃವಿಲ್ಲ. ಕತ್ತರಿಸಿದವರು ಯಾರು, ಆ ಕೋಚನ್ನು ಹುಡುಕಿ ತಂದು ಕೂರಿಸಿದವರು ಯಾರು, ಅವರ ಕೈಗೆ ಎಂಥ ತಂಡವನ್ನು ಕೊಟ್ಟರು, ಯಾವುದೂ ಆ ವಾಕ್ಯದಲ್ಲಿ ಇರಬೇಕಾಗಿಲ್ಲ. ಸೋಲು ತಾನೇ ಕತ್ತಿ ಹಿಡಿದು ಬಂದಂತೆ ಕಾಣುತ್ತದೆ.

ಇನ್ನು ಬೆಂಗಳೂರು ಎಫ್‌ಸಿಯ ಲೆಕ್ಕಕ್ಕೆ ಬರೋಣ. ಕೋಚ್ ಕಾರ್ಲೆಸ್ ಕುವದ್ರತ್ 2018–19ರಲ್ಲಿ ಕ್ಲಬ್‌ಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಟ್ರೋಫಿ ಗೆದ್ದುಕೊಟ್ಟವರು. ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು ಇಲ್ಲಿನವರಿಗೆ ಮರೆತಿಲ್ಲ. 2020–21ರಲ್ಲಿ ಕೋವಿಡ್‌ನಿಂದಾಗಿ ಇಡೀ ಲೀಗ್ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಮೊದಲ 6 ಪಂದ್ಯಗಳಲ್ಲಿ ತಂಡ ಸೋಲಲಿಲ್ಲ. ನಂತರ ಸಾಲಾಗಿ 3 ಸೋಲು. ಜನವರಿ 6ರಂದು ಕುವದ್ರತ್ ಹೊರಟರು. ಆಗ ಅವರ ಲೆಕ್ಕ 9 ಪಂದ್ಯ, 12 ಅಂಕ. ಉಳಿದ 11 ಪಂದ್ಯಗಳನ್ನು ಸಹಾಯಕರಾಗಿದ್ದ ನೌಷಾದ್ ಮೂಸಾ ನಡೆಸಿದರು. ಗೆದ್ದದ್ದು ಎರಡು, ಬಂದದ್ದು 10 ಅಂಕ, ಸಿಕ್ಕಿದ್ದು ಏಳನೇ ಸ್ಥಾನ. ಇದು ಮೂಸಾ ಅವರ ತಪ್ಪೆಂದು ಹೇಳುತ್ತಿಲ್ಲ. ಕಾಯಿಲೆ ತಲೆಯಲ್ಲೇ ಇದ್ದಿದ್ದರೆ ತಲೆ ಹೋದ ಮೇಲೆ ಮೈಗೆ ಒಂದಿಷ್ಟಾದರೂ ಹಗುರಾಗಬೇಕಿತ್ತು ಎನ್ನುತ್ತಿದ್ದೇನೆ.

ಮುಂದೆ ಕೋಚ್ ಆಗಿ ಬಂದ ಸೈಮನ್ ಗ್ರೇಸನ್ ಅವರ ಕಥೆ ಇನ್ನೂ ತೊಡಕಿನದು, ಹಾಗಾಗಿಯೇ ಹೆಚ್ಚು ಕಲಿಸುವಂಥದು. ಅವರು ಬಂದ 2022ರಲ್ಲೇ ಡುರಾಂಡ್ ಕಪ್ ಸಿಕ್ಕಿತು. ಆದರೆ ಆ ಐಎಸ್‌ಎಲ್‌ನ ಮೊದಲ 12 ಪಂದ್ಯಗಳಲ್ಲಿ 8 ಸೋಲು. ತಲೆ ಬೇಕೆಂದು ಕೂಗಲು ಅದಕ್ಕಿಂತ ಪ್ರಶಸ್ತ ಮುಹೂರ್ತ ಇರಲಿಲ್ಲ. ಕ್ಲಬ್ ಕೊಡಲಿಲ್ಲ. ಉಳಿದ 8 ಪಂದ್ಯಗಳನ್ನು ತಂಡ ಒಂದೂ ಬಿಡದೆ ಗೆದ್ದು, ನಾಲ್ಕನೇ ಸ್ಥಾನಕ್ಕೇರಿ, ಸುನಿಲ್ ಚೆಟ್ರಿಯ ಆ ಪ್ರಸಿದ್ಧ ಫ್ರೀ ಕಿಕ್ಕಿನಿಂದ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದ ಪಂದ್ಯವನ್ನೂ ದಾಟಿ, 2023ರ ಮಾರ್ಚ್ 18ರಂದು ಫಟೋರ್ಡಾದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗನ್ ಎದುರು ಪೆನಾಲ್ಟಿ ಶೂಟೌಟ್‌ವರೆಗೂ ಹೋಯಿತು. ಅದೇ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ ಹೋದರು; ಸಂದೇಶ್ ಜಿಂಗನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ ಹೋದರು. ಹೊಸ ಋತುವಿನಲ್ಲಿ ಅದೇ ಗ್ರೇಸನ್, 9 ಪಂದ್ಯ, ಒಂದೇ ಗೆಲುವು. ಡಿಸೆಂಬರ್ 8ರಂದು ಕಂಠೀರವದಲ್ಲೇ ಮುಂಬೈ ಸಿಟಿ ಎದುರು 0–4. ಮರುದಿನ ಗ್ರೇಸನ್ ಇಲ್ಲ, ಸಹಾಯಕ ನೀಲ್ ಮೆಕ್‌ಡೊನಾಲ್ಡ್ ಕೂಡ ಇಲ್ಲ. ಒಂದರ ಜೊತೆ ಇನ್ನೊಂದು ತಲೆ ಉಚಿತ. ಮಾರ್ಚ್‌ನಿಂದ ಡಿಸೆಂಬರ್‌ಗೆ ಮನುಷ್ಯನ ಫುಟ್‌ಬಾಲ್ ತಿಳಿವಳಿಕೆ ಅಷ್ಟು ಸೊರಗುತ್ತದೆಂದು ನಂಬುವುದು ಕಷ್ಟ. ಡ್ರೆಸ್ಸಿಂಗ್ ರೂಮಿನಲ್ಲಿ ಯಾರು ಉಳಿದಿದ್ದರು, ಯಾರು ಹೋಗಿದ್ದರು ಎಂಬುದು ಹೆಚ್ಚು ನಂಬಲರ್ಹ ವಿವರಣೆ. ಆದರೆ ವರ್ಗಾವಣೆಯ ನಿರ್ಧಾರಕ್ಕೆ ತಲೆ ಇಲ್ಲ. ಅದು ಕಚೇರಿಯ ಕೋಣೆಯಲ್ಲಿ ಹಲವರು ಸೇರಿ ಮಾಡುವ ಕೆಲಸ. ಟಚ್‌ಲೈನ್ ಬಳಿ ನಿಂತು ಟಿವಿಯಲ್ಲಿ ಕಾಣಿಸುವ ತಲೆ ಒಂದೇ.

ಇಲ್ಲಿ ಎದುರು ಪಕ್ಷದವರು ಎದ್ದು ನಿಲ್ಲುತ್ತಾರೆ, ನಿಲ್ಲಬೇಕು ಕೂಡ. ಗ್ರೇಸನ್ ಹೋದದ್ದರಿಂದಲೇ ಅಲ್ಲವೇ ಜೆರಾರ್ಡ್ ಜರಗೋಜಾ ಬಂದದ್ದು, 2025ರ ಏಪ್ರಿಲ್ 12ರಂದು ಸಾಲ್ಟ್ ಲೇಕ್‌ನಲ್ಲಿ ಫೈನಲ್ ಆಡಿದ್ದು? ಸತ್ಯ. ಆದರೆ ಜರಗೋಜಾ ಬಂದ ಮೊದಲ ಅರ್ಧ ಋತುವನ್ನು ಈ ವಾದ ಹಾರಿ ದಾಟುತ್ತದೆ. 2023–24ರಲ್ಲಿ ತಂಡ 12ರ ಪೈಕಿ 10ನೇ ಸ್ಥಾನದಲ್ಲಿ ಮುಗಿಸಿತು. ತವರಿನ ಕೊನೆಯ ಪಂದ್ಯದಲ್ಲಿ ಮೋಹನ್ ಬಾಗನ್ ಮತ್ತೆ 0–4ರ ಪಾಠ ಹೇಳಿತು. ತಲೆದಂಡದ ತರ್ಕದ ಪ್ರಕಾರ ಅಂದೇ ಇನ್ನೊಂದು ತಲೆ ಉರುಳಬೇಕಿತ್ತು. ಉರುಳಲಿಲ್ಲ. ಬೇಸಿಗೆಯಲ್ಲಿ ಹೊಸ ವಿದೇಶಿ ಆಟಗಾರರು ಬಂದರು, ಭೆಕೆ ಮರಳಿದರು, ವಿನೀತ್ ವೆಂಕಟೇಶ್‌ರಂಥ ಊರಿನ ಹುಡುಗರಿಗೆ ಜಾಗ ಸಿಕ್ಕಿತು, ಚೆಟ್ರಿ 40ರ ವಯಸ್ಸಿನಲ್ಲಿ ಮುಂದಿನ ಋತುವಿನ ಲೀಗ್‌ನಲ್ಲಿ 14 ಗೋಲು ಹೊಡೆದರು. ತಂಡ ಮೂರನೇ ಸ್ಥಾನಕ್ಕೆ ಬಂತು, ಪ್ಲೇಆಫ್‌ನಲ್ಲಿ ಮುಂಬೈ ಸಿಟಿಗೆ 5–0 ಹೊಡೆಯಿತು. ಜರಗೋಜಾ ಅವರ ಉದಾಹರಣೆ ಒಂದು ಕಡಿದ ತಲೆಗೂ ಒಂದು ಉಳಿಸಿದ ತಲೆಗೂ ಸಮನಾಗಿ ಸೇರಿದ್ದು. ಏರಿಕೆ ಕಂಡದ್ದು ಮಾತ್ರ ಉಳಿಸಿದ ಮೇಲೆ.

ಇದೇ ಸಮಯದಲ್ಲಿ ಕುವದ್ರತ್ ಕೋಲ್ಕತ್ತದಲ್ಲಿದ್ದರು. ಈಸ್ಟ್ ಬೆಂಗಾಲ್‌ಗೆ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದುಕೊಟ್ಟರು. ಆ ಋತುವಿನ ಲೀಗ್‌ನಲ್ಲಿ ತಂಡಕ್ಕೆ ಒಂಬತ್ತನೇ ಸ್ಥಾನ. ಮುಂದಿನ ಋತುವಿನ ಮೊದಲ ಮೂರು ಪಂದ್ಯ ಸೋತು ಸೆಪ್ಟೆಂಬರ್ ಕೊನೆಗೆ ರಾಜೀನಾಮೆ ಕೊಟ್ಟರು. ಆ ಮೂರರಲ್ಲಿ ಮೊದಲನೆಯದು ಕಂಠೀರವದಲ್ಲಿ, ವಿನೀತ್ ಹೊಡೆದ ಏಕೈಕ ಗೋಲಿನಿಂದ, ಹಿಂದೆ ಬೆಂಗಳೂರಿನಲ್ಲಿ ತಮ್ಮದೇ ಸಹಾಯಕರಾಗಿದ್ದ ಜರಗೋಜಾ ಎದುರು. ಅವರ ನಂತರ ಬಂದವರು ಆಸ್ಕರ್ ಬ್ರುಝೊನ್. ಋತು ಮುಗಿದಾಗ ಈಸ್ಟ್ ಬೆಂಗಾಲ್ ನಿಂತದ್ದು ಮತ್ತೆ ಒಂಬತ್ತನೇ ಸ್ಥಾನದಲ್ಲಿ.

ಒಂದೆರಡು ಕ್ಲಬ್ಬಿನ ಕಥೆಯಿಂದ ಸಿದ್ಧಾಂತ ಕಟ್ಟಬಾರದು ಎಂಬ ಆಕ್ಷೇಪ ನ್ಯಾಯವಾದದ್ದು. ಆ ಕೋಚ್ ಉಳಿದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು ಎಂದು ಯಾರಾದರೂ ಹೇಳಿದರೆ ಬೆಂಗಳೂರಿನ ಅಂಕಪಟ್ಟಿಯಿಂದ ಉತ್ತರ ಕೊಡಲಾಗದು. ಅದಕ್ಕೇ ಬಾಸ್ ಟೆರ್ ವೀಲ್ ಎಂಬ ಡಚ್ ಅರ್ಥಶಾಸ್ತ್ರಜ್ಞ ನೆದರ್ಲೆಂಡ್ಸ್‌ನ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಜೋಡಿಸಿ ನೋಡಿದರು. ಕೋಚನ್ನು ತೆಗೆದ ತಂಡಗಳು ಆಮೇಲೆ ಸುಧಾರಿಸಿದ್ದು ನಿಜ. ಆದರೆ ಅಷ್ಟೇ ಕೆಟ್ಟದಾಗಿ ಕುಸಿದೂ ಕೋಚನ್ನು ಉಳಿಸಿಕೊಂಡ ತಂಡಗಳೂ ಹಾಗೆಯೇ ಸುಧಾರಿಸಿದ್ದವು. ಜ್ವರದ ಏಳನೇ ದಿನ ತಾಯತ ಕಟ್ಟಿಸಿಕೊಂಡವನು ಎಂಟನೇ ದಿನ ಎದ್ದು ಕೂತರೆ ಕೀರ್ತಿ ತಾಯತಕ್ಕೆ ಹೋಗುತ್ತದಲ್ಲ, ಹಾಗೆ. ಹೊಸ ಕೋಚ್ ಬಂದ ವಾರ ಗೆದ್ದರೆ ‘ನೋಡಿದ್ಯಾ’ ಎನ್ನುವವರಿಗೆ ಈ ಅಂಕಿಅಂಶ ರುಚಿಸದು, ಆದರೂ ಇದೆ.

ಅಭಿಮಾನಿಗಳು ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೇ? ಟಿಕೆಟ್ ಕೊಂಡು, ಕೆಲಸ ಮುಗಿಸಿ ಕೆಂಗೇರಿಯಿಂದ ಬಂದು, ತೊಂಬತ್ತು ನಿಮಿಷ ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಗಂಟಲು ಹರಿದುಕೊಂಡವರಿಗೆ ಕೋಪದ ಹಕ್ಕಿದೆ. ಋತುವಿನ ಮಧ್ಯೆ ಇಪ್ಪತ್ತೈದು ಆಟಗಾರರನ್ನು ಬದಲಿಸಲಾಗದು, ಮಾಲೀಕರನ್ನಂತೂ ಬದಲಿಸಲಾಗದು. ಕೈಗೆ ಸಿಗುವುದು ಕೋಚ್ ಒಬ್ಬರೇ ಎಂಬ ಅವರ ಮಾತು ಪೆದ್ದುತನವಲ್ಲ. ಕೋಚ್ ನಿಜಕ್ಕೂ ಕೆಲಸ ಕೆಡಿಸಿದ್ದರೆ, ಆಟಗಾರರು ಅವರ ಮಾತು ಕೇಳುವುದನ್ನೇ ಬಿಟ್ಟಿದ್ದರೆ ಹೋಗಲೇಬೇಕು. ಅದನ್ನು ಬದಲಾವಣೆ ಎಂದು ಕರೆಯಲಿ. ಬದಲಾವಣೆ ಎಂದ ಕೂಡಲೇ ಯಾವುದರಿಂದ ಯಾವುದಕ್ಕೆ, ಯಾರು ಬರುತ್ತಾರೆ, ಏನು ಬೇರೆ ಮಾಡುತ್ತಾರೆ ಎಂದು ಹೇಳಬೇಕಾಗುತ್ತದೆ. ತಲೆದಂಡಕ್ಕೆ ಆ ಬಾಧ್ಯತೆ ಇಲ್ಲ. ಇದು ಬರೀ ಸವೆದ ಪದ, ಇವತ್ತು ಯಾರಿಗೂ ಇದರಲ್ಲಿ ಕತ್ತಿ ಕಾಣುವುದಿಲ್ಲ ಎನ್ನುವವರೂ ಇದ್ದಾರೆ. ಕತ್ತಿ ಸವೆದಿರಬಹುದು. ಕತ್ತಿ ಬೀಸಿದವನ ಹೆಸರು ಹೇಳದಿರುವ ಅಭ್ಯಾಸ ಸವೆದಿಲ್ಲ.

ಪದದ ಎರಡನೇ ಅರ್ಧದಲ್ಲಿ ಒಂದು ತಮಾಷೆಯೂ ಇದೆ. ಕೋಚ್‌ಗಳ ಒಪ್ಪಂದಗಳ ಬಗ್ಗೆ ಫಿಫಾ ಮಾಡಿದ ನಿಯಮಗಳು 2021ರ ಜನವರಿಯಿಂದ ಜಾರಿಯಲ್ಲಿವೆ. ಸರಿಯಾದ ಕಾರಣವಿಲ್ಲದೆ ಅವಧಿಗೆ ಮುನ್ನ ಕೋಚನ್ನು ತೆಗೆದರೆ ಉಳಿದ ಅವಧಿಯ ಸಂಬಳದ ಆಧಾರದ ಮೇಲೆ ಪರಿಹಾರ ಲೆಕ್ಕವಾಗುತ್ತದೆ, ಮತ್ತು ಸತತ ಸೋಲನ್ನು ಅಂಥ ಕಾರಣವೆಂದು ಒಪ್ಪಿಸುವುದು ಸುಲಭವಲ್ಲ. ‘ಪರಸ್ಪರ ಒಪ್ಪಿಗೆ’ಯ ಹಿಂದೆ ಸಾಮಾನ್ಯವಾಗಿ ಈ ಚೌಕಾಸಿ ಇರುತ್ತದೆ. ಅಂದರೆ ತಲೆ ಹೋಗುವುದು ಕೋಚ್‌ದು, ದಂಡ ತೆರುವುದು ಕ್ಲಬ್. ಮುಂದಿನ ಬೇಸಿಗೆಯಲ್ಲಿ ಒಬ್ಬ ಸ್ಟ್ರೈಕರ್‌ಗೆ ಆಗುತ್ತಿದ್ದ ದುಡ್ಡಿನಲ್ಲಿ ಒಂದು ಪಾಲು ಹಾಗೆ ಖರ್ಚಾಗಿರುತ್ತದೆ. 2023ರ ಡಿಸೆಂಬರ್‌ನ ಆ ವಾರದಲ್ಲಿ ಕಂಠೀರವದಿಂದ ಮನೆಗೆ ಹೊರಟವರು ಕೇಳಬಹುದಾಗಿದ್ದ ಪ್ರಶ್ನೆ ಒಂದಿತ್ತು: ಫೈನಲ್‌ವರೆಗೆ ಹೋದ ತಂಡದಿಂದ ರಾಯ್ ಕೃಷ್ಣ ಮತ್ತು ಜಿಂಗನ್‌ರನ್ನು ಹೋಗಲು ಬಿಟ್ಟು, ಅವರ ಜಾಗಕ್ಕೆ ಯಾರನ್ನು ತರಬೇಕೆಂದು ನಿರ್ಧರಿಸಿದವರು ಯಾರು, ಅವರು ಈಗಲೂ ಅದೇ ಕುರ್ಚಿಯಲ್ಲಿದ್ದಾರೆಯೇ?