ನಾಲೆಯ ಕೊನೆಭಾಗದಲ್ಲಿ ಕಾಯುವ ಮನಸ್ಸು

2015ರಲ್ಲಿ ಕರ್ನಾಟಕದ 1,569 ರೈತರೂ ಕೃಷಿಕಾರ್ಮಿಕರೂ ಆತ್ಮಹತ್ಯೆಗೆ ಬಲಿಯಾದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಮಳೆಯೊಂದನ್ನೇ ನೆಚ್ಚಿದ ಸೀಮೆಯಲ್ಲ, ಕಾವೇರಿಯ ನಾಲೆ ಹರಿಯುವ ಸೀಮೆ ಅದು. ಸಾಲ, ಬೆಲೆಕುಸಿತ ಎಂಬ ಉತ್ತರಗಳು ನಿಜವೇ. ಆದರೆ ಒಂದೇ ಊರಿನಲ್ಲಿ ಒಂದೇ ಬಗೆಯ ಸಾಲ ಹೊತ್ತವರೆಲ್ಲರೂ ಕುಸಿಯಲಿಲ್ಲ. ಈ ವ್ಯತ್ಯಾಸವನ್ನು ವಿಶ್ವಾಸದ ಏರುಪೇರೆಂದು ಓದುವ ಅಭ್ಯಾಸ ಧರ್ಮಸಭೆಯಲ್ಲಿ ಹಳೆಯದು. ಅದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಕನ್ನಂಬಾಡಿ ಕಟ್ಟೆಯಿಂದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಈ ನೆಲಕ್ಕೆ ನೀರು ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ, ಹುರುಳಿಯ ಹೊಲದಲ್ಲಿಯೂ ಕಷ್ಟವಿತ್ತು, ಆದರೆ ಕೆಲವೇ ತಿಂಗಳಲ್ಲಿ ಫಲವೋ ನಷ್ಟವೋ ತಿಳಿಯುತ್ತಿತ್ತು. ಕಬ್ಬು ಹಾಗಲ್ಲ. ಬೆಳೆಯಲು ಹೆಚ್ಚುಕಡಿಮೆ ಒಂದು ವರ್ಷ. ಆಮೇಲೆ ಕಟಾವಿನ ಸರದಿ, ಆಮೇಲೆ ಕಾರ್ಖಾನೆಯ ಹಣ. ಕಾರ್ಖಾನೆ ತೆಗೆದುಕೊಳ್ಳದಿದ್ದರೆ ಆಲೆಮನೆ. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕೊನೆಭಾಗದ ಗದ್ದೆಗಳವರಿಗೆ ಇದರ ಮೇಲೆ ಇನ್ನೊಂದು ಚಿಂತೆ: ಈ ಸಲ ನೀರು ಇಲ್ಲಿಯವರೆಗೆ ಬಂದೀತೇ? 2015ರ ಹೊತ್ತಿಗೆ ಸಕ್ಕರೆಯ ಬೆಲೆ ಕುಸಿದು ಬೆಳೆಗಾರರ ಹಣ ಕಾರ್ಖಾನೆಗಳಲ್ಲಿ ಬಾಕಿ ನಿಂತಾಗ, ಆ ಕಾಯುವಿಕೆಗೆ ಕೊನೆಯೇ ಕಾಣದಾಯಿತು.

ನಾಲೆಯ ನೀರು ಹರಿಯತೊಡಗಿದ ದಶಕದಲ್ಲಿಯೇ, 1936ರಲ್ಲಿ, ಹಾನ್ಸ್ ಸೆಲ್ಯೆ ಅವರು ಇಲಿಗಳ ದೇಹದಲ್ಲಿ ಒತ್ತಡದ ಪರಿಣಾಮಗಳನ್ನು ಗುರುತಿಸಿದರು. ಮಿದುಳಿನ ಬಗೆಗಿನ ಮುಖ್ಯ ಶೋಧವೊಂದು ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದಂತೆ, ದಿನದಿನವೂ ಒತ್ತಡಕ್ಕೊಳಗಾದ ಇಲಿಗಳಲ್ಲಿ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಕುಗ್ಗಿದವು. ಭಯವನ್ನು ಗ್ರಹಿಸುವ ಅಮಿಗ್ಡಲದಲ್ಲಿ ಅಂಥ ಕವಲುಗಳು ಬೆಳೆದವು. ಒತ್ತಡ ನಿಂತು 21 ದಿನಗಳಾದ ಮೇಲೆ ಮೊದಲನೆಯದು ಚೇತರಿಸಿಕೊಂಡಿತ್ತು, ಎರಡನೆಯದು ಹಾಗೆಯೇ ಉಳಿದಿತ್ತೆಂದು ಮುಂದಿನ ಅಧ್ಯಯನದಲ್ಲಿ ಕಂಡಿತು. ಇಲಿಯಿಂದ ಮನುಷ್ಯನಿಗೆ ನೇರ ದಾರಿಯಿಲ್ಲ, ಒಪ್ಪೋಣ. ಆದರೂ ಬಾಕಿ ಹಣ ಕೈಸೇರಿದ ಮೇಲೂ ನಿದ್ದೆ ಬಾರದವನನ್ನು ಅಲ್ಪವಿಶ್ವಾಸಿ ಎನ್ನುವ ಮುನ್ನ ನಾವು ಇದನ್ನು ನೆನೆಯಬೇಕು. ಸ್ವಭಾವವೂ ಇಲ್ಲಿ ಸೇರುತ್ತದೆ. ಹಾನ್ಸ್ ಐಸೆಂಕ್ 1947ರಲ್ಲಿ ವ್ಯಕ್ತಿತ್ವದ ಮೂಲಗುಣಗಳಲ್ಲಿ ಒಂದೆಂದು ಎಣಿಸಿದ ಆತಂಕಪ್ರವೃತ್ತಿ ಹೆಚ್ಚಿರುವವರಲ್ಲಿ ಅದೇ ಒತ್ತಡ ಹೆಚ್ಚು ಆಳಕ್ಕಿಳಿಯುತ್ತದೆ. ಈ ಪ್ರವೃತ್ತಿಯಲ್ಲಿ ಹುಟ್ಟಿನ ಪಾಲೂ ಇದೆ. ಯಾರೂ ಆರಿಸಿಕೊಂಡ ಪಾಪವಲ್ಲ ಅದು.

561ರ ಬ್ರಾಗಾ ಸಮ್ಮೇಳನವು ಆತ್ಮಹತ್ಯೆ ಮಾಡಿಕೊಂಡವರಿಗೆ ಅಂತ್ಯವಿಧಿಯ ಗೌರವಗಳನ್ನು ನಿರಾಕರಿಸಿತು. 1917ರ ಧರ್ಮಸಭಾ ಸಂಹಿತೆಯಲ್ಲಿಯೂ ಆ ನಿಷೇಧ ಉಳಿದಿತ್ತು; 1983ರ ಸಂಹಿತೆ ಅದನ್ನು ಕೈಬಿಟ್ಟಿತು. ಹದಿನಾಲ್ಕು ಶತಮಾನ ಹಿಡಿದ ಹಾದಿ! ತೀವ್ರ ಮನೋವ್ಯಥೆ, ಭಯಗಳು ಹೊಣೆಯನ್ನು ಕುಗ್ಗಿಸಬಲ್ಲವೆಂದು 1992ರ ಧರ್ಮೋಪದೇಶ ಒಪ್ಪಿತು. ದೇಶದ ಕಾನೂನು ಇನ್ನೂ ತಡವಾಗಿ, 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಮಿನಲ್ಲಿ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದು ವಿಧಿಸಿತು.

ಸಾವನ್ನು ಬೇಡಿ ಮರುಭೂಮಿಯಲ್ಲಿ ಮಲಗಿದ ಎಲೀಯನನ್ನು ದೂತನು ಗದರಿಸಲಿಲ್ಲ. ರೊಟ್ಟಿ, ನೀರು ಕೊಟ್ಟನು. ಮತ್ತೆ ಮಲಗಿದವನನ್ನು ಎರಡನೆಯ ಸಲವೂ ಎಬ್ಬಿಸಿ ಉಣ್ಣಹೇಳಿದನು. ದೇವರ ಪ್ರಶ್ನೆ ಬಂದುದು ನಲವತ್ತು ದಿನಗಳ ಪ್ರಯಾಣದ ಅನಂತರ, ಹೋರೇಬಿನಲ್ಲಿ. ಮದ್ದೂರು, ಮಳವಳ್ಳಿಯ ಮನೆಗಳಿಗೆ ಹೋಗುವ ಗುರುಗಳು ಇದೇ ಕ್ರಮವನ್ನು ಪಾಲಿಸಬಹುದು. ಹಣ ಬಾರದ ದಿನಗಳಲ್ಲಿ ಮಾತ್ರವಲ್ಲ, ಬಂದಾದ ಮೇಲಿನ ತಿಂಗಳುಗಳಲ್ಲಿಯೂ ಹೋಗಬಹುದು. ರಾತ್ರಿಯ ಹೊತ್ತು ಯಾರೂ ಸಿಗದಾಗ 14416 ಎಂಬ ಟೆಲಿ ಮಾನಸ್ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದೆಂದು ಹೇಳಿಬರಬಹುದು.