ವಿವಾಹಪೂರ್ವ ಸಿದ್ಧತಾ ಶಿಬಿರ (ಕಥೋಲಿಕ)

ಮದುವೆಯಾಗಲಿರುವ ಯುವಕ ಯುವತಿಯರಿಗೆ ದಾಂಪತ್ಯ, ಲೈಂಗಿಕತೆ ಮತ್ತು ಪಾಲಕತ್ವದ ಬಗ್ಗೆ ಕಥೋಲಿಕ ಧರ್ಮಸಭೆ ನೀಡುವ ಅಲ್ಪಾವಧಿ ಶಿಕ್ಷಣ. ಇದು ಧರ್ಮಾಧಾರಿತ ಲೈಂಗಿಕ ಶಿಕ್ಷಣದ ಒಂದು ಬಗೆ.

ಹಿನ್ನೆಲೆ: ವಧೂವರರನ್ನು ಸಿದ್ಧಗೊಳಿಸುವುದು ಗುರುಗಳ ಹೊಣೆ ಎಂದು ಲ್ಯಾಟಿನ್ ಧರ್ಮಸಭೆಯ 1983ರ ಹಾಗೂ ಪೌರಸ್ತ್ಯ ಧರ್ಮಸಭೆಗಳ 1990ರ ಕಾನೂನು ಸಂಹಿತೆಗಳು ವಿಧಿಸುತ್ತವೆ. ಪೋಪ್ ಎರಡನೆಯ ಜಾನ್ ಪೌಲರ 1981ರ ಪ್ರಬೋಧನಾ ಪತ್ರ ‘ಫಮಿಲಿಯಾರಿಸ್ ಕನ್ಸೋರ್ಶಿಯೊ’ ಈ ಸಿದ್ಧತೆಯನ್ನು ದೂರದ, ಸಮೀಪದ, ತತ್‌ಕ್ಷಣದ ಎಂಬ ಮೂರು ಹಂತಗಳಾಗಿ ವಿಂಗಡಿಸಿತು.

ಪ್ರಾದೇಶಿಕ ವ್ಯಾಪ್ತಿ: ಕರ್ನಾಟಕದ ಶಿವಮೊಗ್ಗ ಜಿಲ್ಲೆಯಲ್ಲಿ ಎರಡು ಧರ್ಮಕ್ಷೇತ್ರಗಳ ಕೇಂದ್ರಗಳಿವೆ. 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರ ಲ್ಯಾಟಿನ್ ಪದ್ಧತಿಯದು. 2007ರಲ್ಲಿ ರಚನೆಯಾದ ಭದ್ರಾವತಿ ಧರ್ಮಕ್ಷೇತ್ರ ಪೌರಸ್ತ್ಯ ಧರ್ಮಸಭೆಗಳಲ್ಲೊಂದಾದ ಸಿರೋ ಮಲಬಾರ್ ಪದ್ಧತಿಯದು. ಎರಡನೆಯದರ ಅನುಯಾಯಿಗಳಲ್ಲಿ ಕೇರಳದಿಂದ ಮಲೆನಾಡಿಗೆ ವಲಸೆ ಬಂದ ಕುಟುಂಬಗಳೇ ಹೆಚ್ಚು.

ಮಾರ್ಗದರ್ಶಕರು: ಗುರುಗಳು, ಧರ್ಮಭಗಿನಿಯರು, ವೈದ್ಯರು, ಆಪ್ತಸಮಾಲೋಚಕರು ಹಾಗೂ ಅನುಭವಿ ದಂಪತಿಗಳು ಸಾಮಾನ್ಯವಾಗಿ ತರಗತಿ ನಡೆಸುತ್ತಾರೆ. ಇವರಿಗೆ ಬೇಕಾದ ತರಬೇತಿಯ ಮುಖ್ಯ ಅಂಗಗಳು ಧರ್ಮಸಭೆಯ ಬೋಧನೆ, ಪ್ರಜನನ ಶರೀರಶಾಸ್ತ್ರ, ಸಮಾಲೋಚನಾ ಕೌಶಲ, ಸಂಕೋಚವಿಲ್ಲದ ಸಂವಾದ ಮತ್ತು ಗೋಪ್ಯತೆ.

ವಿಷಯ: ಪರಸ್ಪರ ಒಪ್ಪಿಗೆ, ನಿಷ್ಠೆ, ಮನೆವಾರ್ತೆ ಮತ್ತು ಸಹಜ ಕುಟುಂಬ ಯೋಜನೆ. 1968ರ ‘ಹ್ಯುಮಾನೆ ವೀಟೆ’ ವಿಶ್ವಪತ್ರಕ್ಕೆ ಅನುಗುಣವಾಗಿ ಕೃತಕ ಗರ್ಭನಿರೋಧಕಗಳನ್ನು ಧರ್ಮಸಭೆ ಒಪ್ಪುವುದಿಲ್ಲ. ಸರ್ಕಾರಿ ಆರೋಗ್ಯ ಶಿಕ್ಷಣಕ್ಕೂ ಇದಕ್ಕೂ ಇರುವ ಪ್ರಮುಖ ವ್ಯತ್ಯಾಸ ಇದು.

ಮಹತ್ವ: ಕೇಂದ್ರ ಸರ್ಕಾರ 2005ರಲ್ಲಿ ಆರಂಭಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು 2007ರಲ್ಲಿ ತಡೆಹಿಡಿದವು. ಇಂಥ ಸನ್ನಿವೇಶದಲ್ಲಿ ಶಾಲೆಯ ಹೊರಗೆ ಲೈಂಗಿಕತೆಯನ್ನು ಕ್ರಮಬದ್ಧವಾಗಿ ಚರ್ಚಿಸುವ ವೇದಿಕೆಗಳಲ್ಲಿ ಈ ಶಿಬಿರವೂ ಒಂದು. 2016ರ ‘ಅಮೋರಿಸ್ ಲೆತೀಸಿಯಾ’ ಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಮಕ್ಕಳ ಲೈಂಗಿಕ ಶಿಕ್ಷಣದ ಅಗತ್ಯವನ್ನು ಪ್ರತ್ಯೇಕವಾಗಿ ಪ್ರತಿಪಾದಿಸಿದ್ದಾರೆ.